ಸಭೆಯ ಹೆಸರು ಬದಲಿಸಿ ನೋಡಿ
ಮದ್ದೂರು ಕಡೆಯ ನಿಮ್ಮ ಊರಿನ ‘ಪೂರ್ವಗ್ರಹ ನಿವಾರಣಾ ಸಭೆ’ಗೆ ಮೇಲಿನ ಕೇರಿಯವರು ಬರಲಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಅದಕ್ಕೆ ಬಹುಶಃ ಆ ಹೆಸರೇ ಕಾರಣ. ಬೈಸಿಕೊಳ್ಳಲು ಯಾರು ಕೆಲಸ ಬಿಟ್ಟು ಬರುತ್ತಾರೆ? ಮೊದಲು ಬ್ಯಾನರ್ ಮಡಚಿಡಿ. ನಾಲೆಗೆ ನೀರು ಬಿಡುವ ಮುನ್ನ ಹೊಲಗಾಲುವೆಯ ಹೂಳೆತ್ತಲು ಎರಡೂ ಕೇರಿಯವರನ್ನು ಕರೆಯಿರಿ. ಕರೆಯುವವರು ನೀವಾಗಬೇಡಿ, ಆಯಾ ಕೇರಿಯಲ್ಲಿ ಮಾತಿಗೆ ಬೆಲೆಯಿರುವ ಹಿರಿಯರಾಗಲಿ. ಜೋಡಿ ಮಾಡುವಾಗ ಒಬ್ಬ ಯಜಮಾನ, ಇನ್ನೊಬ್ಬ ಆಳು ಎಂಬಂತಾಗದಿರಲಿ. ಎರಡು ಗುಂಪಿನವರು ಬೆರೆತು ಪೂರ್ವಗ್ರಹ ಕಡಿಮೆಯಾಗಲು ಸಮಾನ ಸ್ಥಾನ, ಒಂದೇ ಗುರಿ, ಸಹಕಾರ, ಮುಖಂಡರ ಬೆಂಬಲ ಬೇಕೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಊಟ ಒಂದೇ ಪಂಕ್ತಿಯಲ್ಲಿರಲಿ. ನಮ್ಮಲ್ಲಿ ಮೊದಲ ಸಲ ನಾಲ್ವರು ಎಲೆ ಬಿಟ್ಟು ಎದ್ದರು, ಮುಂದಿನ ಸಲ ಕುಳಿತರು; ನಿಮ್ಮಲ್ಲೂ ಹಾಗೆಯೇ ಆಗುತ್ತದೆ ಎನ್ನಲಾರೆ. ಮಾತುಕತೆಯನ್ನು ಆಮೇಲೆ, ಹೂಳೆತ್ತಿದವರಲ್ಲೇ ಇಬ್ಬರಿಂದ ಕರೆಸಿ.