ಗರ್ಭಿಣಿಯರಿಗೆ ಆ್ಯಪ್ ಸರಿ, ಫೋನ್ ಎತ್ತುವವರು ಯಾರು?

ಪ್ರಶ್ನೆ: ಬಡ ದೇಶಗಳ ಹಳ್ಳಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಗೆ ನಾವು ಕೆಲವು ಸಾಫ್ಟ್‌ವೇರ್ ಗೆಳೆಯರು ಸೇರಿ ಆ್ಯಪ್ ಮಾಡಿಕೊಡಬೇಕು ಅಂತಿದ್ದೇವೆ. ಗರ್ಭಿಣಿಯರಿಗೆ ತಪಾಸಣೆಯ ದಿನ ನೆನಪಿಸುವುದು, ಊಟ, ಮಾತ್ರೆ ಬಗ್ಗೆ ಸಲಹೆ ಕೊಡುವುದು ಅದರ ಕೆಲಸ. ಇದರಿಂದ ತಾಯಂದಿರ ಸಾವು ನಿಜಕ್ಕೂ ಕಡಿಮೆಯಾಗುತ್ತದಾ, ಅಥವಾ ಸುಮ್ನೆ ನಮ್ಮ ಸಮಾಧಾನಕ್ಕಾ?

ಉತ್ತರ: ನೆನಪಿಸಿದರೆ ತಪಾಸಣೆಗೆ ಬರುವವರು ಜಾಸ್ತಿಯಾಗುತ್ತಾರೆ. ಆದರೆ ಸಾವು ತಪ್ಪಿಸಲು ಅಷ್ಟೇ ಸಾಲದು.

ತಾಂಜಾನಿಯಾದ ಜಾಂಜಿಬಾರ್‌ನಲ್ಲಿ 2009-10ರಲ್ಲಿ ಸುಮಾರು 2,550 ಗರ್ಭಿಣಿಯರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಎಸ್ಸೆಮ್ಮೆಸ್ ಹೋಗುತ್ತಿತ್ತು. ಜೊತೆಗೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಲು ಕರೆನ್ಸಿ ವೋಚರ್ ಕೂಡ ಕೊಟ್ಟಿದ್ದರು. ಈ ಗುಂಪಿನಲ್ಲಿ ಶೇ. 60ರಷ್ಟು ಮಂದಿಗೆ ತರಬೇತಿ ಪಡೆದವರ ಕೈಯಲ್ಲಿ ಹೆರಿಗೆಯಾಯಿತು. ಇನ್ನೊಂದು ಗುಂಪಿನಲ್ಲಿ ಇದು ಶೇ. 47. ಒಳ್ಳೆಯ ಫಲಿತಾಂಶವೇ. ಆದರೆ ಈ ಲಾಭ ಸಿಕ್ಕಿದ್ದು ಪಟ್ಟಣದ ಹೆಂಗಸರಿಗೆ. ಹಳ್ಳಿಯವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ನೀವು ಹೊರಟಿರುವುದು ಹಳ್ಳಿಗೇ ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು, ಹೆರಿಗೆಯ ತೊಂದರೆಗಳಿಂದ ಸುಮಾರು 2,60,000 ಹೆಂಗಸರು ಸತ್ತರು. ಬಹುಪಾಲು ಎಲ್ಲರೂ ಬಡ ದೇಶಗಳವರು. ರಕ್ತಸ್ರಾವ, ಬಿಪಿ ಏರಿ ಬರುವ ಫಿಟ್ಸ್, ಸೋಂಕು, ಇವೇ ದೊಡ್ಡ ಕಾರಣಗಳು. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಇಲ್ಲಿ ಮೂರು ಕಡೆ ತಡವಾಗುತ್ತದೆ: ಮನೆಯವರು ಹೊರಡುವ ತೀರ್ಮಾನ ಮಾಡುವುದರಲ್ಲಿ, ದಾರಿಯಲ್ಲಿ, ಆಸ್ಪತ್ರೆ ಮುಟ್ಟಿದ ಮೇಲೆ. ನಿಮ್ಮ ಮೆಸೇಜ್ ಮೊದಲನೆಯದನ್ನು ಸ್ವಲ್ಪ ಕಡಿಮೆ ಮಾಡಬಹುದು, ಅಷ್ಟೇ.

ದಾರಿಯ ತಡಕ್ಕೂ ಫೋನ್ ಉಪಯೋಗಕ್ಕೆ ಬರುತ್ತದೆ, ಆದರೆ ಬೇರೆ ರೀತಿಯಲ್ಲಿ. ತಾಂಜಾನಿಯಾದಲ್ಲೇ ಎಂ-ಮಾಮಾ ಅಂತ ಒಂದು ವ್ಯವಸ್ಥೆ ಇದೆ. 115ಕ್ಕೆ ಉಚಿತವಾಗಿ ಕರೆ ಮಾಡಿದರೆ ಸಾಕು. ಆಂಬುಲೆನ್ಸ್ ಸಿಗದಿದ್ದರೆ ಹತ್ತಿರದ ಟ್ಯಾಕ್ಸಿಯವನನ್ನೇ ಕಳಿಸುತ್ತಾರೆ, ಬಾಡಿಗೆ ಅವನ ಮೊಬೈಲಿಗೆ ಬರುತ್ತದೆ. ಹೆರಿಗೆ ನೋವಿನಲ್ಲಿರುವವಳ ಮನೆಯವರು ಹಣಕ್ಕಾಗಿ ಬಾಗಿಲು ಬಾಗಿಲು ಸುತ್ತಬೇಕಿಲ್ಲ. ನನ್ನನ್ನು ಕೇಳಿದರೆ, ಹತ್ತು ಆ್ಯಪ್‌ಗಳಿಗಿಂತ ಇದು ಮೇಲು. ರುವಾಂಡಾದ್ದು ಇನ್ನೂ ಸರಳ. ಅಲ್ಲಿ 2009ರಲ್ಲಿ ಶುರುವಾದ ರಾಪಿಡ್‌ಎಸ್ಸೆಮ್ಮೆಸ್‌ನಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಬಸಿರಿನ ಲೆಕ್ಕ ಕಳಿಸುತ್ತಿದ್ದರು, ಅಪಾಯ ಕಂಡರೆ ತುರ್ತು ಸಂದೇಶ ಹಾಕುತ್ತಿದ್ದರು.

ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಏನಾಗಬಹುದು ಅನ್ನುವುದಕ್ಕೂ ಒಂದು ಉದಾಹರಣೆ ಇದೆ. ಭಾರತ, ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ ಕಾರ್ಯಕರ್ತೆಯರು ಮನೆ ಮನೆಗೆ ಹೋಗಿ ಗರ್ಭಿಣಿಯರ ಬಿಪಿ ನೋಡುತ್ತಿದ್ದರು. ಅಪಾಯ ಎಷ್ಟಿದೆ ಅಂತ ಮೊಬೈಲ್ ಆ್ಯಪ್ ಹೇಳುತ್ತಿತ್ತು. ಬೇಕಾದವರಿಗೆ ಔಷಧಿ ಕೊಟ್ಟು ಆಸ್ಪತ್ರೆಗೆ ಕಳಿಸುತ್ತಿದ್ದರು. 2020ರಲ್ಲಿ ಫಲಿತಾಂಶ ಬಂತು: ತಾಯಿ-ಮಗುವಿನ ಸಾವು, ತೊಂದರೆಗಳು ಒಟ್ಟಾರೆ ಕಡಿಮೆಯಾಗಿರಲಿಲ್ಲ. ಎಂಟು ಅಥವಾ ಹೆಚ್ಚು ಸಲ ಭೇಟಿ ಸಿಕ್ಕ ತಾಯಂದಿರಲ್ಲಿ ಮಾತ್ರ ಪರಿಸ್ಥಿತಿ ಸ್ವಲ್ಪ ಚೆನ್ನಾಗಿತ್ತು. ಅಂದರೆ ಮನೆಗೆ ಮತ್ತೆ ಮತ್ತೆ ಬರುವ ಮನುಷ್ಯರು ಬೇಕು, ಆಸ್ಪತ್ರೆಯಲ್ಲಿ ರಕ್ತ ಬೇಕು, ಡಾಕ್ಟರ್ ಬೇಕು.

ಹಾಗಾಗಿ ಕೋಡ್ ಬರೆಯುವ ಮೊದಲು ಆ ಸಂಸ್ಥೆಯವರನ್ನು ಕೇಳಿ. ರಾತ್ರಿ ಎರಡು ಗಂಟೆಗೆ ಗರ್ಭಿಣಿ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಗಾಡಿ ಯಾರದು? ಬಾಡಿಗೆ ಯಾರು ಕೊಡುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ, ನಿಮ್ಮ ಹಣ ಮೊದಲು ಅಲ್ಲಿಗೆ ಹೋಗಲಿ. ಇನ್ನೊಂದು ಮಾತು, ಸ್ಮಾರ್ಟ್‌ಫೋನ್ ನಂಬಬೇಡಿ. ಓದಲು ಬಾರದವರಿಗೆ, ಕೀಪ್ಯಾಡ್ ಫೋನ್ ಇರುವವರಿಗೆ ವಾಯ್ಸ್ ಕಾಲ್ ಲೇಸು. ಭಾರತ ಸರ್ಕಾರದ ಕಿಲ್ಕಾರಿ ನಡೆಯುವುದು ಹಾಗೇ: ವಾರಕ್ಕೊಂದು ರೆಕಾರ್ಡ್ ಮಾಡಿದ ಕರೆ, ಬಸಿರಿನ ನಾಲ್ಕನೇ ತಿಂಗಳಿಂದ ಮಗುವಿಗೆ ಒಂದು ವರ್ಷ ತುಂಬುವವರೆಗೆ.

ಪ್ರಶ್ನೆ: ಎಷ್ಟೋ ಮನೆಗಳಲ್ಲಿ ಫೋನ್ ಗಂಡನದ್ದು ಅಥವಾ ಅತ್ತೆಯದ್ದು. ಖಾಸಗಿ ವಿಷಯ ಅದಕ್ಕೆ ಕಳಿಸಬಹುದಾ?

ಉತ್ತರ: ಹೆಸರು ನೋಂದಾಯಿಸುವಾಗಲೇ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ: ಯಾರ ನಂಬರ್, ಯಾವ ಹೊತ್ತಿಗೆ, ಏನೇನು ಕಳಿಸಬಹುದು ಅಂತ. ಎಚ್‌ಐವಿ ಫಲಿತಾಂಶ, ಗರ್ಭನಿರೋಧಕದ ಮಾತು ಹಂಚಿಕೊಂಡ ಫೋನಿಗೆ ಬೇಡವೇ ಬೇಡ. ಗಂಡನಿಗೆ ಅಪಾಯದ ಲಕ್ಷಣಗಳ ಮೆಸೇಜ್ ಬೇರೆಯಾಗಿ ಹೋಗಲಿ, ಅದು ಒಳ್ಳೆಯದೇ. ಗಾಡಿ ಕರೆಯುವವನು ಹೆಚ್ಚಾಗಿ ಅವನೇ.

ತುಂಬಾ ಜನ ಮರೆಯುವುದು ಒಂದಿದೆ. ಗರ್ಭ ಇಳಿದು ಹೋದರೆ, ಮಗು ಉಳಿಯದಿದ್ದರೆ, ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. 'ನಿಮ್ಮ ಮಗುವಿಗೆ ಈಗ ಮೂರು ತಿಂಗಳು' ಅಂತ ಕರೆ ಬರುತ್ತಲೇ ಇರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2014ರಲ್ಲಿ ಶುರುವಾದ, ತಾಯಂದಿರಿಗೆ ಮೆಸೇಜ್ ಕಳಿಸುವ ಮಾಮ್‌ಕನೆಕ್ಟ್‌ನಲ್ಲಿ ಇದಕ್ಕೆ ದಾರಿ ಇದೆ. ಕಾರಣ ತಿಳಿಸಿ ಮೆಸೇಜ್ ನಿಲ್ಲಿಸಬಹುದು. ಬೇಕೆಂದರೆ ಧೈರ್ಯ ಹೇಳುವ ಮೆಸೇಜ್ ಪಡೆಯಬಹುದು. ನಿಲ್ಲಿಸುವ ಈ ಸೌಲಭ್ಯ ಮೊದಲ ದಿನದಿಂದಲೇ ಇರಬೇಕು. ಮಿಸ್ಡ್ ಕಾಲ್ ಕೊಟ್ಟರೂ ನಿಲ್ಲುವಂತಿರಲಿ.