ಮಳೆಗಾಲದಲ್ಲಿ ಬಿಗಿಯುವ ಬೀಟೆ ಮೇಜು

ಪ್ರಶ್ನೆ: ಅಜ್ಜನ ಕಾಲದ ಬೀಟೆ ಕನ್ಸೋಲ್ ಟೇಬಲ್ಲು ಜಗಲಿಯ ಗೋಡೆಗೆ ತಾಗಿ ನಿಂತಿದೆ. ಮಳೆ ಹಿಡಿದರೆ ಡ್ರಾಯರ್ ಎಳೆಯಲು ಬರುವುದಿಲ್ಲ, ಮೇಲ್ಹಲಗೆ ಬೆಳ್ಳಗೆ ಮಂಕಾಗುತ್ತದೆ. ಉಜ್ಜಿಸಿ ಪಿ.ಯು. (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಗೆಯ) ಪಾಲಿಶ್ ಹೊಡೆಸಲೇ?
– ಓದುಗರು, ಮೂಡಿಗೆರೆ

ಉತ್ತರ: ದಯವಿಟ್ಟು ಉಜ್ಜಿಸಬೇಡಿ. ಹಳೆಯ ಬೀಟೆಯ ಆ ಕಪ್ಪುಗೆಂಪು ಹೊಳಪು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಮೊದಲು ಮೇಜಿನ ಅಡಿಯಲ್ಲಿ, ಕಾಣದ ಕಡೆ, ಸ್ಪಿರಿಟ್ ಹಚ್ಚಿದ ಹತ್ತಿ ಒತ್ತಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಅದರೊಳಗೆ ತೇವ ಸಿಕ್ಕಿಕೊಂಡೇ ಬಿಳುಪು ಬರುವುದು. ಜನವರಿಯ ಒಣಹವೆಯಲ್ಲಿ, ಬಟ್ಟೆಗೆ ಸ್ಪಿರಿಟ್ ಸೋಕಿಸಿ, ನಿಲ್ಲಿಸದೆ ಹಗುರವಾಗಿ ಸವರಿ. ಬಟ್ಟೆ ತೊಯ್ದಿದ್ದರೆ ಪಾಲಿಶ್ಶೇ ಎದ್ದು ಬರುತ್ತದೆ. ಆಮೇಲೆ ಅರ್ಧ ಲೀಟರ್ ಸ್ಪಿರಿಟ್ಟಿಗೆ 50 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಕರಗಿಸಿ, ಸೋಸಿ, ತೆಳುವಾಗಿ ಮೂರು ನಾಲ್ಕು ಕೈ ಹಚ್ಚಿ. ಮಳೆಯಲ್ಲಿ ಹಚ್ಚಿದರೆ ಮತ್ತೆ ಬೆಳ್ಳಗಾಗುತ್ತದೆ.

ಮರ ಉಬ್ಬುವುದು ಅಡ್ಡಕ್ಕೆ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಡ್ರಾಯರಿನ ಪಕ್ಕದ ಹಲಗೆಗಳ ಎತ್ತರ ಹೆಚ್ಚಿ ಕಚ್ಚಿಕೊಳ್ಳುತ್ತದೆ. ಜುಲೈಯಲ್ಲಿ ಕೀಸುಳಿ ಹಾಕಿಸಿದರೆ ಫೆಬ್ರವರಿಯಲ್ಲಿ ಲೊಡಲೊಡ ಆಗುತ್ತದೆ. ಒಣಗಿದ ಮೇಲೆ ತೆಗೆದು, ತಿಕ್ಕಿ ನುಣುಪಾದ ಜಾಗಕ್ಕಷ್ಟೇ 220 ನಂಬರಿನ ಉಪ್ಪುಕಾಗದ ಆಡಿಸಿ, ಮೇಣದಬತ್ತಿ ಉಜ್ಜಿ.

ಮೇಜನ್ನು ಗೋಡೆಯಿಂದ ಎರಡು ಇಂಚು ಈಚೆಗಿಡಿ. ಹಿಂಬದಿಯ ಪಟ್ಟಿಗಳನ್ನೂ ನೋಡಿ: ಕುಟ್ಟೆಹುಳು ಬೀಟೆಯ ಕೆಚ್ಚು, ಅಂದರೆ ಒಳಗಿನ ಗಟ್ಟಿ ಕಪ್ಪು ಮರ, ಬಿಟ್ಟು ತೊಗಟೆಯ ಪಕ್ಕದ ಬಿಳಿಮರವನ್ನೇ ತಿನ್ನುತ್ತದೆ.