ಬ್ಯಾಶ್‌ನಲ್ಲಿ (ಟೈಪ್ ಮಾಡಿದ ಆದೇಶಗಳನ್ನು ಓಡಿಸುವ ಶೆಲ್ ಪ್ರೋಗ್ರಾಂ) ಫೈಲ್ ವಿಧ ಜೆಪಿಜಿ, ಪಿಎನ್‌ಜಿ, ಗಿಫ್ ಈ ಮೂರರಲ್ಲಿ ಒಂದೇ ಎಂದು ಒಂದೇ ಇಫ್‌ನಲ್ಲಿ ಚಿಕ್ಕದಾಗಿ ಪರೀಕ್ಷಿಸುವುದು ಹೇಗೆ?

ನೀವು ಬರೆದು ತೋರಿಸಿರುವ ಇಫ್ [[ $ವಿಧ == ಜೆಪಿಜಿ || ಪಿಎನ್‌ಜಿ || ಗಿಫ್ ]] ಎಂಬಂಥ ಸಾಲನ್ನು ಒಂಬತ್ತು ವರ್ಷಗಳ ಹಿಂದೆ ನಾನೂ ಬರೆದಿದ್ದೆ. ನಿಮ್ಮಲ್ಲಿ ಫೈಲ್ ವಿಧಗಳಿವೆ, ನನ್ನಲ್ಲಿ ಸರ್ವರ್ ಹೆಸರುಗಳಿದ್ದವು:

ಇಫ್ [[ $ಸರ್ವರ್ == ಟೆಸ್ಟ್ || ಡೆವ್ || ಡೆಮೊ ]]

ಷರತ್ತು ನಿಜವಾದರೆ ಅಪ್‌ಲೋಡ್ ಫೋಲ್ಡರ್ ಖಾಲಿ ಮಾಡುವುದು ಆ ಸ್ಕ್ರಿಪ್ಟಿನ ಕೆಲಸ. ಮೂರೂ ಸರ್ವರ್‌ಗಳಲ್ಲಿ ಓಡಿಸಿದೆ, ಮೂರರಲ್ಲೂ ಸರಿಯಾಗಿ ಅಳಿಸಿತು. ಧೈರ್ಯವಾಗಿ, ನಿಗದಿತ ಸಮಯಕ್ಕೆ ಸ್ಕ್ರಿಪ್ಟುಗಳನ್ನು ತಾನಾಗಿ ಓಡಿಸುವ ಕ್ರಾನ್‌ಗೆ ಸೇರಿಸಿದೆ. ಆ ಕ್ರಾನ್ ಪಟ್ಟಿ ಗ್ರಾಹಕರು ಬಳಸುವ ಸರ್ವರ್‌ಗೂ ಹೋಗುತ್ತಿತ್ತು. ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಅದು ಅಲ್ಲಿಯೂ ಓಡಿತು.

ಬೆಳಗ್ಗೆ ಫೋಲ್ಡರಿನಲ್ಲಿ ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಆದೇಶ ಕೊಟ್ಟರೆ ಒಂದು ಸಾಲೂ ಬರಲಿಲ್ಲ. ಗುರುವಾರದ ಬ್ಯಾಕಪ್‌ನಿಂದ ಹಳೆಯದೆಲ್ಲ ಮರಳಿತು, ಶುಕ್ರವಾರ ಅಂಗಡಿಯವರು ಸ್ಕ್ಯಾನ್ ಮಾಡಿ ಹಾಕಿದ್ದ ಬಿಲ್ಲುಗಳು ಮರಳಲಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಇನ್ನೊಮ್ಮೆ ಕಳುಹಿಸಲು ಕೇಳಿಕೊಂಡೆ. ಹಿರಿಯರೊಬ್ಬರು, "ಮೂಲ ಬಿಲ್ಲನ್ನು ಗಿರಾಕಿಗೇ ಕೊಟ್ಟುಬಿಟ್ಟೆನಲ್ಲಪ್ಪ, ಎಲ್ಲಿಂದ ತರಲಿ?" ಎಂದರು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಆದದ್ದು ಇಷ್ಟು. "ಬಂದವನು ರಾಮನೋ ಭೀಮನೋ ಸೋಮನೋ" ಎಂದರೆ "ಬಂದವನು" ಎಂಬುದನ್ನು ನಾವು ಮೂರು ಹೆಸರಿಗೂ ಸೇರಿಸಿಕೊಂಡು ಓದುತ್ತೇವೆ. ಬ್ಯಾಶ್ ಹಾಗೆ ಓದುವುದಿಲ್ಲ. || ಚಿಹ್ನೆಯ ಆಚೆಗಿರುವುದು ಅದಕ್ಕೆ ಪೂರ್ತಿ ಬೇರೆಯ ಪ್ರಶ್ನೆ. ಸರ್ವರ್ ಹೆಸರು ಟೆಸ್ಟ್ ಆಗಿದೆಯೇ ಎಂಬುದು ಮೊದಲನೆಯದು. ಎರಡನೆಯದರಲ್ಲಿ ಇರುವುದು ಬರೀ "ಡೆವ್". ಒಂಟಿ ಪದ ಸಿಕ್ಕಾಗ ಬ್ಯಾಶ್ ನೋಡುವುದು ಅದು ಖಾಲಿಯೇ ಅಲ್ಲವೇ ಎಂಬುದನ್ನು ಮಾತ್ರ. ಡೆವ್ ಖಾಲಿಯಲ್ಲ, ಹಾಗಾಗಿ ನಿಜ. ಸರ್ವರ್ ಯಾವುದೇ ಇರಲಿ, ಇಡೀ ಷರತ್ತು ಸದಾ ನಿಜ. ದೋಷದ ಸಂದೇಶವೂ ಬರುವುದಿಲ್ಲ. ಪೈಥಾನ್‌ನಲ್ಲಿ "ಆರ್" ಬಳಸಿ ಹೀಗೆ ಬರೆದರೂ ಇದೇ ಗತಿ. ಇದಕ್ಕಿಂತ ದೊಡ್ಡ ತಪ್ಪು ನನ್ನ ಪರೀಕ್ಷೆಯಲ್ಲಿತ್ತು: "ಹೌದು" ಎನ್ನಬೇಕಾದ ಮೂರೂ ಕಡೆ ನೋಡಿದೆ, "ಇಲ್ಲ" ಎನ್ನಬೇಕಾದ ಒಂದು ಕಡೆಯೂ ನೋಡಲಿಲ್ಲ.

ಆದ್ದರಿಂದ ಒಂದೇ ಇಫ್‌ನಲ್ಲಿ ಚಿಕ್ಕದಾಗಿ ಬರೆಯಬೇಕೆಂಬ ನಿಮ್ಮ ಹಟವನ್ನೇ ನಾನು ಒಪ್ಪುವುದಿಲ್ಲ. ಕೇಸ್ ಬಳಸಿ:

ಕೇಸ್ "$ವಿಧ" ಇನ್
  ಜೆಪಿಜಿ|ಪಿಎನ್‌ಜಿ|ಗಿಫ್) ಮುಂದಿನ ಕೆಲಸ ;;
  *) ಎಕ್ಸಿಟ್ 1 ;;
ಇಸ್ಯಾಕ್

ಇಲ್ಲಿ ಒಂಟಿ ಗೀಟು ನೀವು ಮನಸ್ಸಿನಲ್ಲಿ ಅಂದುಕೊಂಡ "ಅಥವಾ"ವೇ ಆಗಿರುತ್ತದೆ. ಬ್ಯಾಶ್‌ನ ಪೂರ್ವಜನಾದ 1979ರ ಬೌರ್ನ್ ಶೆಲ್‌ನ ಕಾಲದಿಂದಲೂ ಇದು ಇದೆ, ಎರಡು ಚೌಕ ಆವರಣ ಅರ್ಥವಾಗದ ಸಣ್ಣ ಶೆಲ್‌ಗಳಲ್ಲೂ ನಡೆಯುತ್ತದೆ. ನಕ್ಷತ್ರದ ಸಾಲನ್ನು ಮಾತ್ರ ಬಿಡಬೇಡಿ, ಗುರುತಿಲ್ಲದ ಹೆಸರು ಬಂದರೆ ತಡೆಯುವುದು ಅದೇ. ಯಾರಾದರೂ =~ ಹಾಕಿ ರೆಜೆಕ್ಸ್‌ನಲ್ಲಿ (ಪದಗಳ ಮಾದರಿಯನ್ನು ಹುಡುಕುವ ಬರಹ) ಬರೆಯಿರಿ ಎನ್ನಬಹುದು. ಅದರಲ್ಲಿ ಮೊದಲಿನ ^ ಮತ್ತು ಕೊನೆಯ $ ಮರೆತರೆ ಹೆಸರಿನ ನಡುವೆ ಎಲ್ಲೋ ಗಿಫ್ ಇದ್ದರೂ ಒಳಗೆ ಬಿಟ್ಟುಕೊಳ್ಳುತ್ತದೆ. ನಾನಂತೂ ಬಳಸುವುದಿಲ್ಲ.

ಬರೆದಾದ ಮೇಲೆ ಮೊದಲು ಒಂದು ಎಂಪಿ3 ಫೈಲ್ ಕೊಟ್ಟು ಓಡಿಸಿ. ಅಲ್ಲಿ ನಿಂತರೆ ಮಾತ್ರ ಜೆಪಿಜಿ ಕೊಡಿ.